ಹಿಟ್ಟಿನ ಡಬ್ಬಿಗಳ ಹಿಂದೆ ಏಳು ಬಾಟಲಿ ಜಿನ್

ಗುರುವಾರ ಸಂಜೆ ಫೋನು ಬಂದಾಗ ನಾನು ಒಂಬತ್ತನೆಯ ತರಗತಿಯ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆ. ಮಾತಾಡಿದವರು ನಮ್ಮ ಮದ್ಯವಿರೋಧಿ ಮಹಿಳಾ ಸಮಿತಿಯ ಅಧ್ಯಕ್ಷೆ. ಮುದನಾಳದ ಕೂಲಿಕಾರ ಹೆಂಗಸು, ನನಗಿಂತ ಎಂಟು ಹತ್ತು ವರ್ಷ ದೊಡ್ಡವರು. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಅವರು ನನ್ನನ್ನು ಅಕ್ಕೋರೆ ಎನ್ನುತ್ತಾರೆ, ಏಕೆಂದರೆ ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರೇ.

"ಅಕ್ಕೋರೆ, ನಿಮ್ಮ ಓಣ್ಯಾಗ ಸಾಲಿ ಬಾಜೂಕ ಬಾರ್ ತಗಿಯಾಕತ್ತಾರಲ್ಲ, ಸೋಮವಾರ ಅದರ ಅರ್ಜಿ ಕೊಡೂದು ಅಂತ ಆಗ್ಯದ. ಐತವಾರನ ಎಲ್ಲಾರೂ ಯಾದಗಿರಿಗೆ ಬರ್ತೀವಿ."

"ಬರ್ರಿ ಅಕ್ಕ. ಊಟದ ವ್ಯವಸ್ಥಾ ನಾ ಮಾಡ್ತೀನಿ."

"ಊಟ ಇರ್ಲಿ. ಮನಿ ನೋಡೂದು ಅದಲ್ಲ? ಓಣಿ ನಿಮ್ದು, ಹಂಗಾಗಿ ಮೊದಲ ಮನಿ ನಿಮ್ದೇ."

ಫೋನು ಇಟ್ಟು ಮತ್ತೆ ಕೆಂಪು ಪೆನ್ನು ಹಿಡಿದೆ. ಮುಂದಿನ ಉತ್ತರಪತ್ರಿಕೆಯ ಹುಡುಗಿಗೆ ಸಲ್ಲಬೇಕಾದ ಅಂಕಕ್ಕಿಂತ ಹೆಚ್ಚು ಕೊಟ್ಟೆನೋ ಕಡಿಮೆ ಕೊಟ್ಟೆನೋ ಇಂದಿಗೂ ತಿಳಿಯದು.

ಮನೆ ನೋಡುವುದು ನಮ್ಮ ಸಮಿತಿಯ ಪದ್ಧತಿ. ಮೂರು ವರ್ಷಗಳ ಹಿಂದೆ ವಡಗೇರಾ ಕಡೆಯ ಒಂದು ಹಳ್ಳಿಯಲ್ಲಿ, ಸಕ್ಕರೆ-ಸಾಬೂನುಗಳ ಜೊತೆಗೇ ಮದ್ಯದ ಪಾಕೀಟು ಮಾರುತ್ತಿದ್ದ ಕಿರಾಣಿ ಅಂಗಡಿಯ ಎದುರು ನಾವು ಹದಿನೈದು ಹೆಂಗಸರು ಧರಣಿ ಕೂತಿದ್ದೆವು. ವ್ಯಾಪಾರಿ ತಕ್ಕಡಿ ಒರೆಸುತ್ತ, "ಮೊದಲ ನಿಮ್ಮ ನಿಮ್ಮ ಮನ್ಯಾಗ ಜ್ವಾಳದ ಗುಮ್ಮಿ ತಗದು ನೋಡ್ರಿ, ಗಂಡಂದಿರು ಏನೇನ್ ಇಟ್ಟಾರಂತ. ಆಮ್ಯಾಲ ನನ್ನ ಅಂಗಡಿಗೆ ಬರ್ರಿ" ಎಂದು ನಕ್ಕ. ಆತನ ಮಾತು ಅರ್ಧ ನಿಜವಾಗಿತ್ತು. ನಮ್ಮಲ್ಲಿ ಮೂವರು ತಲೆ ತಗ್ಗಿಸಿದರು. ಅವತ್ತು ಸಂಜೆ ಶಾಲೆಯ ಜಗುಲಿಯ ಮೇಲೆ ಕೂತು ನಾವು ನಿಯಮ ಮಾಡಿದೆವು, ಬರೆದವಳು ಸಮಿತಿಯ ಕಾರ್ಯದರ್ಶಿಯಾದ ನಾನು. ಯಾವ ಊರಲ್ಲಿ ಹೋರಾಟವೋ ಆ ಊರಿನ ಸದಸ್ಯೆಯರ ಮನೆಗಳನ್ನು ಮೊದಲು ಉಳಿದವರು ನೋಡತಕ್ಕದ್ದು. ಮದ್ಯ ಸಿಕ್ಕರೆ ಆ ಮನೆಯ ಹೆಂಗಸೇ ಅದನ್ನು ಹೊಸ್ತಿಲಾಚೆ ಸುರಿಯತಕ್ಕದ್ದು. ಗೊತ್ತಿದ್ದೂ ಬಚ್ಚಿಟ್ಟವಳು ಒಂದು ವರ್ಷ ಯಾವ ಹುದ್ದೆಯನ್ನೂ ಹಿಡಿಯಕೂಡದು, ಮೆರವಣಿಗೆಯ ಮುಂದೆ ನಿಲ್ಲಕೂಡದು. 'ತಕ್ಕದ್ದು', 'ಕೂಡದು' ಎಂದು ಬರೆಯುವಾಗ ನನಗೆ ಹಿತವೆನಿಸಿತ್ತು. ಆ ನಿಯಮ ಕೂಲಿಕಾರ ಮನೆಗಳನ್ನು ಕುರಿತದ್ದೆಂದು ನನ್ನ ಮನಸ್ಸಿನ ಯಾವುದೋ ಮೂಲೆ ನಂಬಿಕೊಂಡಿತ್ತೆಂದು ಈಗ ಒಪ್ಪಿಕೊಳ್ಳಬೇಕು. ನಾನು ಮಾಡಿದ ಮೊದಲ ತಪ್ಪು ಅದು.

ಏಕೆಂದರೆ ನನ್ನ ಅಡುಗೆಮನೆಯಲ್ಲಿ, ಜೋಳದ ಹಿಟ್ಟು ಮತ್ತು ಗೋಧಿ ಹಿಟ್ಟಿನ ದೊಡ್ಡ ಡಬ್ಬಿಗಳ ಹಿಂದೆ, ಹಳೆಯ ಡ್ರೈ ಜಿನ್‌ನ ಏಳು ಬಾಟಲಿಗಳಿದ್ದವು.

ಜಿನ್ ಗೊತ್ತಿಲ್ಲದವರಿಗೆ ಹೇಳುವುದಾದರೆ, ಧಾನ್ಯದಿಂದ ತೆಗೆದ ಸಾರವನ್ನು ಕೆಲವು ಕಾಯಿ, ಬೀಜ, ಬೇರು, ಸಿಪ್ಪೆಗಳ ಜೊತೆ ಮತ್ತೊಮ್ಮೆ ಬಟ್ಟಿ ಇಳಿಸಿದ ಮದ್ಯ ಅದು. ನೋಡಲು ನೀರಿನಷ್ಟೇ ತಿಳಿ. ಸಕ್ಕರೆ ಬೆರೆಸದ್ದಕ್ಕೆ ಡ್ರೈ ಎನ್ನುತ್ತಾರೆ. ಬಾಟಲಿ ಹಳೆಯದಾದಷ್ಟೂ ಸಂಗ್ರಹಿಸುವವರು ನೋಡುವ ಸಂಗತಿಗಳು ಬೇರೆಯಾಗುತ್ತವೆ. ಮುಚ್ಚಳ ಬಿರಡೆಯದೋ ತಿರುಪಿನದೋ. ಒಳಗಿನ ಮಟ್ಟ ಬಾಟಲಿಯ ಕೊರಳಲ್ಲಿದೆಯೋ ಹೆಗಲಿಗೆ ಇಳಿದಿದೆಯೋ. ಬಿಸಿಲು ಎಷ್ಟು ತಿಂದಿದೆ. ನಮ್ಮ ಜಿಲ್ಲೆಯ ಬೇಸಿಗೆಯಲ್ಲಿ ಈ ಕೊನೆಯ ಪ್ರಶ್ನೆಗೆ ನೆಮ್ಮದಿಯ ಉತ್ತರವಿಲ್ಲ. ಏಪ್ರಿಲ್ ಬಂದರೆ ನಾನು ಒದ್ದೆ ಗೋಣಿಚೀಲ ಸುತ್ತಿ ಅವನ್ನು ಕಾಯುತ್ತಿದ್ದೆ.

ಇದು ಶುರುವಾದದ್ದು ಹೇಗೆಂದು ಹೇಳದಿದ್ದರೆ ನಾನು ಮತ್ತೇನನ್ನೋ ಬಚ್ಚಿಟ್ಟಂತಾಗುತ್ತದೆ. ನಾನು ಬೆಳೆದದ್ದು ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನ ವಸತಿಗೃಹದಲ್ಲಿ. ತಂದೆ ಕಚೇರಿಯ ಗುಮಾಸ್ತ. ಶಾಲೆಗೆ ಹೋಗುವ ದಾರಿಯಲ್ಲಿ ಅಧಿಕಾರಿಗಳ ಅತಿಥಿಗೃಹವಿತ್ತು. ಅದರ ಕಿಟಕಿಗಳಿಗೆ ಹಸಿರು ಪರದೆ. ಪರದೆಯ ಹಿಂದೆ ಗಂಡಸರು ನಗುವುದು, ಗಾಜಿಗೆ ಗಾಜು ತಾಗುವುದು ಕೇಳಿಸುತ್ತಿತ್ತು. ಅಲ್ಲಿಗೆ ಬಂದಾಗ ಅವ್ವ ನನ್ನ ಕೈ ಬಿಗಿಯಾಗಿ ಹಿಡಿದು ಬೇಗ ನಡೆಯುತ್ತಿದ್ದಳು. ಯಾವ ಹಳ್ಳಿಯ ಹೊಲಕ್ಕೆ ನೀರು ಹರಿಯಬೇಕು, ಯಾರ ಜಮೀನು ಕಾಲುವೆಗೆ ಹೋಗಬೇಕು ಎಂಬುದೆಲ್ಲ ಆ ಪರದೆಯ ಹಿಂದೆಯೇ ತೀರ್ಮಾನವಾಗುತ್ತದೆಂದು ತಂದೆ ಗೊಣಗುತ್ತಿದ್ದರು. ಮುಂದೆ ನನ್ನನ್ನು ಧಾರವಾಡದ ಕಡೆಯ ಒಂದು ವಸತಿ ಶಾಲೆಗೆ ಸೇರಿಸಿದರು. ಅಲ್ಲಿ ಗುರುಗಳು ನಮ್ಮನ್ನು ವೃತ್ತದಲ್ಲಿ ಕೂರಿಸಿ, ತಾವೂ ನೆಲದ ಮೇಲೆ ಕೂತು, ಇತಿಹಾಸವಾಗಲಿ ಗಣಿತವಾಗಲಿ, ಇದರಿಂದ ಯಾರಿಗೆ ಅನ್ಯಾಯವಾಯಿತು ಎಂಬ ಪ್ರಶ್ನೆಯಿಂದಲೇ ಪಾಠ ಆರಂಭಿಸುತ್ತಿದ್ದರು. ಆ ಪ್ರಶ್ನೆ ನನ್ನ ನಾಲಿಗೆಗೆ ಅಂಟಿತು. ಹಸಿರು ಪರದೆಯ ಹಿಂದೆ ಏನನ್ನು ಕುಡಿಯುತ್ತಿದ್ದರು ಎಂಬ ಕುತೂಹಲ ಅದರ ಕೆಳಗೆ ಉಳಿದುಕೊಂಡಿತು.

ಆರು ವರ್ಷಗಳ ಹಿಂದೆ, ದಿನಗೂಲಿ ನೌಕರರ ಪಿಂಚಣಿಯ ಮನವಿಗಾಗಿ ಹೇಳಿಕೆಗಳನ್ನು ಬರೆದುಕೊಳ್ಳುತ್ತ ಸುರಪುರಕ್ಕೆ ಹೋದಾಗ, ಅದೇ ಅತಿಥಿಗೃಹದ ಮುಪ್ಪಿನ ಕಾವಲುಗಾರ ಸಿಕ್ಕರು. ಇಪ್ಪತ್ತಾರು ವರ್ಷ ದುಡಿದರೂ ಅವರು ಕೊನೆಯವರೆಗೆ ದಿನಗೂಲಿಯೇ. ಅಧಿಕಾರಿಗಳು ಕುಡಿದ ಗ್ಲಾಸುಗಳನ್ನು ಅವರು ತೊಳೆಯಬಹುದಿತ್ತು. ಅದೇ ಗ್ಲಾಸಿಗೆ ನೀರು ತುಂಬಿ ಕೊಡುವಂತಿರಲಿಲ್ಲ. ಅದಕ್ಕೆ ಬೇರೆ ಜಾತಿಯ ಇನ್ನೊಬ್ಬ ಆಳು ಇದ್ದ. ತೊಳೆಯುವ ಕೈಗೂ ತುಂಬುವ ಕೈಗೂ ನಡುವೆ ಗೆರೆ ಎಳೆದ ಈ ಕ್ರೌರ್ಯವನ್ನು ಅವರು ನಗುತ್ತಲೇ ವಿವರಿಸಿದರು. ವರ್ಗಾವಣೆಯಾಗಿ ಹೋಗುವ ಎಂಜಿನಿಯರುಗಳು ಖಾಯಂ ಮಾಡುವ ಕಾಗದದ ಬದಲು ಬಾಟಲಿ ಕೊಟ್ಟು ಹೋಗುತ್ತಿದ್ದರಂತೆ.

"ಕುಡೀಲಿಲ್ಲೇನ್ರಿ ಕಾಕಾ ಇವನ್ನ?" ಎಂದೆ, ಟ್ರಂಕಿನಿಂದ ಅವರು ತೆಗೆದ ಎರಡು ಬಾಟಲಿಗಳನ್ನು ನೋಡಿ.

"ಒಮ್ಮಿ ಮೂಸಿ ನೋಡಿದ್ನವಾ. ದವಾಖಾನಿ ವಾಸನಿ. ನಾ ಬ್ರಾಂಡಿ ಮನಷ್ಯಾ."

ಅವರ ಪಿಂಚಣಿಯ ಮನವಿ ಇನ್ನೂ ಕಡತದಲ್ಲಿದೆ. ಬಾಟಲಿಗಳು ಮಾತ್ರ ಅವತ್ತೇ ನನ್ನ ಜೊತೆ ಬಂದವು. ಒಂದರ ಲೇಬಲ್ಲಿನ ಹೆಸರನ್ನು ಜಿರಲೆಗಳು ಅರ್ಧ ತಿಂದಿದ್ದವು. ಇನ್ನೊಂದು ಬಿರಡೆಯದು, ಮೇಲೆ ಅರಗಿನ ಮುದ್ರೆ. ಅದು ಸುರಪುರದ ಗುಡ್ಡದ ಮೇಲೆ ಹತ್ತೊಂಬತ್ತನೆಯ ಶತಮಾನದಲ್ಲಿದ್ದ ಇಂಗ್ಲಿಷ್ ಅಧಿಕಾರಿಯ ಬಂಗಲೆಯಿಂದ ತಮ್ಮ ಅಜ್ಜನಿಗೆ ಬಂದದ್ದೆಂದು ಕಾಕಾ ಹೇಳಿದರು. ಅಷ್ಟು ಹಳೆಯದೆಂದು ನಾನು ನಂಬಲಿಲ್ಲ. ಆದರೂ ಸ್ವಾತಂತ್ರ್ಯಕ್ಕೆ ಮೊದಲಿನದೆಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಉಳಿದ ಐದು ಮುಂದಿನ ವರ್ಷಗಳಲ್ಲಿ ಯಾದಗಿರಿಯ ಗುಜರಿ ಅಂಗಡಿ, ಹೈದರಾಬಾದಿನ ಹಳೆ ಸಾಮಾನಿನ ಸಂತೆ, ಕೆಡವುತ್ತಿದ್ದ ಒಂದು ವಕೀಲರ ಮನೆ, ಹೀಗೆ ಒಂದೊಂದೇ ಸೇರಿದವು.

ರುಚಿ ನೋಡುವುದನ್ನು ಕಲಿಸಿದವರು ಜೀವಮಾನದಲ್ಲಿ ಒಂದು ಹನಿಯನ್ನೂ ಕುಡಿಯದವರು. ಶಹಾಪುರದಲ್ಲಿ ಗಿಡಮೂಲಿಕೆ ಮತ್ತು ಅತ್ತರು ಮಾರುವ ಒಂದು ಹಳೆಯ ಅಂಗಡಿಯಿದೆ; ಅದರ ಯಜಮಾನರನ್ನು ನಾನು ಚಾಚಾ ಎನ್ನುತ್ತೇನೆ. ಕೆಮ್ಮಿಗೆ ಜ್ಯೇಷ್ಠಮಧು ತರಲು ಹೋದವಳು, ಚೀಲದಲ್ಲಿದ್ದ ಮಾದರಿಯ ಶೀಶೆಯನ್ನು ಸಂಕೋಚದಿಂದಲೇ ಮುಂದಿಟ್ಟು, ಇದರೊಳಗೆ ಏನೇನಿದೆ ಹೇಳಬಲ್ಲಿರಾ ಎಂದು ಕೇಳಿದ್ದೆ.

"ಶರಾಬು ಇದು," ಎಂದರು ಚಾಚಾ, ಮುಖ ಹಿಂದೆ ಸರಿಸಿ.

"ಹೌದು ಚಾಚಾ. ಬ್ಯಾಡಂದ್ರ ಬ್ಯಾಡ."

ಅವರು ಶೀಶೆಯನ್ನು ಕಣ್ಣಿನಿಂದಲೇ ಅಳೆದರು. "ಬಾಯಿಗಿ ಹರಾಮು. ಮೂಗಿಗಿ ಯಾರೂ ಏನೂ ಅಂದಿಲ್ಲ. ತಾ ಇಲ್ಲಿ ಬೇಟಿ."

ಅತ್ತರು ತೋರಿಸುವ ಹತ್ತಿಯ ಕಡ್ಡಿಯನ್ನು ಅದ್ದಿ, ಫ್ಯಾನಿನ ಕೆಳಗೆ ಹಿಡಿದು, ಮದ್ಯದ ಘಾಟು ಹಾರಿಹೋಗುವವರೆಗೆ ಕಾದರು. ಆಮೇಲೆ ಕಣ್ಣು ಮುಚ್ಚಿ ಮೂಸಿದರು. "ಮೊದಲ ಅಭಲ್. ಉಚ್ಚಿ ಕಟ್ಟಿದವರಿಗಿ ಕೊಡ್ತೀವಲ್ಲ, ಆ ಕರೀ ಕಾಯಿ. ಅದರ ಬೆನ್ನ ಹಿಂದ ಹವೀಜ. ನಿಂಬಿ ಸಿಪ್ಪಿ ಇತ್ತು, ಈಗ ಹೋಗ್ಯದ. ಭಾಳ ವರ್ಷ ಆಗ್ಯದ ಇದಕ್ಕ ಮುಚ್ಚಳಾ ಹಾಕಿ." ಹವೀಜ ನಮ್ಮ ಕೊತ್ತಂಬರಿ ಬೀಜವೇ; ಅಭಲ್ ಎಂದರೆ ಜಿನ್‌ಗೆ ಜೀವ ಕೊಡುವ ಜೂನಿಪರ್ ಕಾಯಿಯೆಂದು ಮನೆಗೆ ಬಂದು ಪುಸ್ತಕ ನೋಡಿದ ಮೇಲೆ ತಿಳಿಯಿತು. ಅಲ್ಲಿಂದ ಮುಂದೆ ತಿಂಗಳಿಗೊಂದು ಭಾನುವಾರ ಮಧ್ಯಾಹ್ನ, ತೆರೆದಿದ್ದ ನಾಲ್ಕು ಬಾಟಲಿಗಳಲ್ಲಿ ಒಂದರಿಂದ ಒಂದು ಚಮಚ ತೆಗೆದು, ಅಷ್ಟೇ ತಣ್ಣೀರು ಬೆರೆಸಿ, ನಾಲಿಗೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೆ. ಇದನ್ನು ಅಧ್ಯಯನ ಎಂದು ಕರೆದುಕೊಂಡೆ. ಅಧಿಕಾರದ ರುಚಿಯನ್ನು ಅರಿಯುವ ಪ್ರಯತ್ನ ಎಂದೂ ಒಮ್ಮೆ ಟಿಪ್ಪಣಿಯಲ್ಲಿ ಬರೆದಿದ್ದೇನೆ. ನಿಜವೇನೆಂದರೆ ನನಗೆ ಆ ರುಚಿ ಇಷ್ಟವಾಗಿತ್ತು. ಮೊದಲು ಕಹಿ, ಆಮೇಲೆ ಹವೀಜ ಹುರಿದ ಅಡುಗೆಮನೆ, ಕೊನೆಗೆ ಯಾವುದೋ ಒಣ ಬೇರಿನ ತಂಪು.

ಮನೆಯಲ್ಲಿ ಇಷ್ಟೇ ಮದ್ಯ ಇಡಬಹುದೆಂಬ ಮಿತಿ ಕಾನೂನಿನಲ್ಲಿದೆ. ಇತರರಿಗಾಗಿ ಅಬಕಾರಿ ಕಾನೂನಿನ ಕಲಮುಗಳನ್ನು ಗಟ್ಟಿಯಾಗಿ ಓದಿ ಹೇಳುವ ನಾನು, ನನ್ನ ಏಳು ಬಾಟಲಿ ಆ ಮಿತಿಯ ಈಚೆಗಿವೆಯೋ ಆಚೆಗಿವೆಯೋ ಎಂದು ಒಮ್ಮೆಯೂ ತೆರೆದು ನೋಡಲಿಲ್ಲ.

ಗುರುವಾರದಿಂದ ಶನಿವಾರದವರೆಗೆ ಹಿಟ್ಟಿನ ಡಬ್ಬಿಗಳನ್ನು ಎಷ್ಟು ಸಲ ಸರಿಸಿ ನೋಡಿದೆನೋ ಲೆಕ್ಕವಿಲ್ಲ. ಅಬಕಾರಿಯವರ ಭಯ ನನ್ನನ್ನು ಅಷ್ಟಾಗಿ ಕಾಡಲಿಲ್ಲ. ಮನೆ ಬಾಡಿಗೆಗೆ ಕೊಡುವಾಗ ಜಾತಿ ಕೇಳಿ, ಮಾಂಸ ಮದ್ಯ ಕೂಡದೆಂದು ಷರತ್ತು ಹಾಕಿದ್ದ ಮಾಲೀಕರ ಭಯವೂ ಎರಡನೆಯದೇ. ಅಕ್ಕನ ಮುಖ ಕಣ್ಣ ಮುಂದೆ ಬರುತ್ತಿತ್ತು. ಆಕೆಯ ಗಂಡ ಇಂದಿಗೂ ನಡುಗುವ ಕೈಯಲ್ಲಿ ನೀರಿನ ಚಂಬು ಎತ್ತಲಾರ. ಮೊದಲ ಸಲ ಮನೆ ನೋಡಿದಾಗ ಆಕೆಯ ಮನೆಯ ಜೋಳ ತುಂಬಿಡುವ ಗುಮ್ಮಿಯಿಂದಲೇ ಆರು ಪಾಕೀಟು ಹೊರಬಂದಿದ್ದವು. ಎಲ್ಲರೆದುರು ಒಂದೊಂದನ್ನೇ ಹಲ್ಲಿನಿಂದ ಹರಿದು ಹೊಸ್ತಿಲಾಚೆ ಸುರಿದು, "ಆತು, ಈಗ ನಡ್ರಿ ಅಂಗಡಿಗಿ" ಎಂದು ಎದ್ದವರು ಅವರು. ಆ ಹೆಂಗಸು ನನ್ನನ್ನು ನಂಬಿದ್ದರು. ಭಾನುವಾರದ ನಂತರವೂ ನಂಬುತ್ತಾರೆಯೇ ಎಂಬುದಷ್ಟೇ ನನಗೆ ಉಳಿದಿದ್ದ ಪ್ರಶ್ನೆ.

ಶನಿವಾರ ಶಾಲೆ ಅರ್ಧ ದಿನ. ಮನೆಗೆ ಬಂದವಳು ಏಳೂ ಬಾಟಲಿಗಳನ್ನು ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿ, ಕೈಚೀಲದಲ್ಲಿ ನಿಲ್ಲಿಸಿ, ಶಹಾಪುರದ ಬಸ್ಸು ಹತ್ತಿದೆ. ಚಾಚಾ ಒಂದು ವಾರ ಇಟ್ಟುಕೊಂಡಾರು ಎಂಬ ಆಸೆ. ಆಧಾರ್ ತೋರಿಸಿ ಶೂನ್ಯ ಟಿಕೆಟ್ ಪಡೆದು, ಚೀಲವನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು ಕೂತೆ. ಭೀಮಾ ಸೇತುವೆ ದಾಟಿದ ಮೇಲಿನ ಸ್ಟಾಪಿನಲ್ಲಿ ಹತ್ತಿದವಳನ್ನು ನೋಡಿ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡೆ. ನಮ್ಮ ಸಮಿತಿಯ ಸದಸ್ಯೆ, ಮಾತಿನ ಮಲ್ಲಿ. ನೇರವಾಗಿ ಬಂದು ಪಕ್ಕದಲ್ಲೇ ಕೂತಳು.

"ಏನ್ ಅಕ್ಕೋರೆ, ಎಲ್ಲಿಗಿ ಹೊಂಟೀರಿ ಇಷ್ಟು ಬಿಸಲಾಗ?"

"ಶಹಾಪುರಕ್ಕ. ಸ್ವಲ್ಪ ಕೆಲಸ."

ಬಸ್ಸು ಗುಂಡಿಗೆ ಇಳಿಯಿತು. ಚೀಲ ಖಣ್ ಎಂದಿತು.

"ಚೀಲದಾಗ ಏನದ್ರಿ? ಬಳಿ ಅಂಗಡಿ ಇಟ್ಟೀರೇನು?"

"ಉಪ್ಪಿನಕಾಯಿ ಬಾಟ್ಲಿ."

"ನೀವು ಹಾಕಿದ್ದಾ?" ಆಕೆ ಬಾಯಿಗೆ ಸೆರಗು ಹಿಡಿದು ನಕ್ಕಳು. "ಹೋದ ಸಾರಿ ನಿಮ್ಮ ಮನಿ ಸಾರು ಉಂಡೀನಿ. ಉಪ್ಪಿನಕಾಯಿ ಹಾಕೋ ಮಂದಿ ಅಲ್ಲ ಬಿಡ್ರಿ ನೀವು."

ಕಂಡಕ್ಟರ್ ಬಂದು, "ಮೇಡಮ್ಮಾರ, ಚೀಲ ಸ್ವಲ್ಪ ಒಳಗ ತಗೋರಿ, ಮಂದಿ ಎಡವತಾರ" ಎಂದು ಕಾಲಿನಿಂದಲೇ ಅದನ್ನು ತಳ್ಳಿದ. ನಾನು ಚೀಲವನ್ನೆತ್ತಿ ತೊಡೆಯ ಮೇಲಿಟ್ಟುಕೊಂಡೆ. ದೂರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಬೆಟ್ಟ ಕಂಡಾಗ ಪಕ್ಕದವಳು ಮಾತು ನಿಲ್ಲಿಸಿ ಕೈ ಮುಗಿದಳು. ಆ ಅರ್ಧ ನಿಮಿಷ ಮಾತ್ರ ನಾನು ಸರಿಯಾಗಿ ಉಸಿರಾಡಿದೆ. ನನ್ನ ಎರಡನೆಯ ತಪ್ಪು ಆ ಸುಳ್ಳು. ಯಾರೂ ಒತ್ತಾಯಿಸದೆ, ನನ್ನನ್ನು ಗೌರವಿಸುವ ಹೆಂಗಸಿಗೆ ಹೇಳಿದ ಸುಳ್ಳು.

ಚಾಚಾ ಚೀಲದೊಳಗೆ ಇಣುಕಿದರು, ಬಾಗಿಲ ಕಡೆ ನೋಡಿದರು, ಸೀರೆಯ ಅಂಚನ್ನು ಮತ್ತೆ ಮುಚ್ಚಿದರು.

"ಮೂಗು ಕೊಡ್ತೀನಿ ಬೇಟಿ. ಜಾಗಾ ಕೊಡಂಗಿಲ್ಲ."

"ಒಂದು ವಾರ ಅಷ್ಟೇ ಚಾಚಾ."

"ಒಂದು ತಾಸೂ ಇಲ್ಲ. ನಾಳಿ ಯಾರರೆ ನೋಡಿ, ಹಕೀಮನ ದುಕಾನಿನ್ಯಾಗ ಏಳು ಬಾಟ್ಲಿ ಶರಾಬು ಸಿಕ್ಕಾದ ಅಂತ ಫೋಟೋ ಹೊಡದು ಹಾಕಿದ್ರ, ನೀ ಬಂದು ಇದು ನಂದು ಅಂತ ಹೇಳ್ತಿಯೇನು? ಹೇಳ್ತಿ, ನೀ ಹೇಳ್ತಿ. ಆದ್ರ ಅಷ್ಟೊತ್ತಿಗಿ ನನ್ನ ಅಂಗಡಿ ಇರ್ತದೇನು?"

ಚೀಲವನ್ನು ನನ್ನ ಕಡೆ ಎಳೆದುಕೊಂಡೆ. ಈ ಕಾಲದಲ್ಲಿ ಒಬ್ಬ ಮುಸ್ಲಿಂ ವ್ಯಾಪಾರಿಯ ಮೇಲೆ ಎಷ್ಟು ಕಣ್ಣುಗಳಿವೆಯೆಂದು ವೇದಿಕೆಗಳ ಮೇಲೆ ಮಾತಾಡುವವಳು ನಾನೇ. ನನ್ನ ಅಪಾಯವನ್ನು ಅಂಥವರ ಕಪಾಟಿನಲ್ಲಿಡಲು ಹೊರಟವಳೂ ನಾನೇ.

ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಭಯಕ್ಕೆ ಬಿದ್ದ ಬುದ್ಧಿ ಒಂದು ಬಾಗಿಲು ಮುಚ್ಚಿದರೆ ಇನ್ನೊಂದನ್ನು ತಟ್ಟುತ್ತದೆ. ಸುರಪುರದ ಬಸ್ಸು ಹತ್ತಿದೆ. ಕಾವಲುಗಾರ ಕಾಕಾ ಬೇವಿನ ಕೆಳಗೆ ಕೂತಿದ್ದರು. ಬಾಟಲಿಗಳನ್ನು ನೋಡಿ ಹಳೆಯ ಪರಿಚಯದವರನ್ನು ಕಂಡವರಂತೆ ನಕ್ಕರು.

"ತಿರುಗಿ ಬಂದ್ವಲ್ಲ ಮಕ್ಕಳು ತವರಿಗಿ! ಏನಾತವಾ?"

ಆದದ್ದನ್ನೆಲ್ಲ ಹೇಳಿದೆ. ಅವರು ನಗುವುದನ್ನು ನಿಲ್ಲಿಸಲಿಲ್ಲ, ಆದರೆ ಚೀಲವನ್ನು ಮೆಲ್ಲಗೆ ನನ್ನ ಕಡೆಗೇ ಸರಿಸಿದರು.

"ಬ್ಯಾಡವಾ. ನಿನ್ನ ಮನ್ಯಾಗಿದ್ರ ಶೋಕಿ. ನಮ್ಮ ಕೇರ್ಯಾಗಿದ್ರ ಕೇಸು."

"ನಿಮ್ಮ ಮನ್ಯಾಗ ಇಷ್ಟು ವರ್ಷ ಇದ್ವಲ್ಲ ಕಾಕಾ?"

"ಇದ್ವು. ಇರೂ ತನಕಾ ನಿದ್ದಿ ಇರಲಿಲ್ಲ. ನೀ ಒಯ್ದ ದಿವಸ ಗಡದ್ದಾಗಿ ಮಲಗೀನಿ."

ಬಕ್ಷೀಸು ಎಂದು ಕೊಟ್ಟವರಿಗೂ, ಅಪರೂಪದ ವಸ್ತುವೆಂದು ಒಯ್ದ ನನಗೂ ಈ ಮಾತು ತಿಳಿದಿರಲಿಲ್ಲ. ತಿಳಿಯುವಷ್ಟು ಕೇಳಿರಲಿಲ್ಲ. ಬೆಲ್ಲದ ಚಹಾ ಕುಡಿದು, ಅದೇ ಚೀಲ ಹೊತ್ತು, ಹೊತ್ತು ಮುಳುಗುವ ಮೊದಲು ಯಾದಗಿರಿಗೆ ಮರಳಿದೆ.

ಬಚ್ಚಲಿಗೆ ಹೋಗಿ ಒಂದು ಬಾಟಲಿಯ ಮುಚ್ಚಳ ತಿರುವಿದೆ. ಸುರಿದುಬಿಟ್ಟರೆ ಮುಗಿಯಿತು, ನಾಳೆ ಯಾರಿಗೂ ಏನೂ ಸಿಗದು. ಕೈ ಬಗ್ಗಲಿಲ್ಲ. ಗುಟ್ಟಾಗಿ ಸುರಿಯುವುದೂ ಬಚ್ಚಿಡುವುದರ ಇನ್ನೊಂದು ರೂಪವೆಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳಲ್ಲ, ಅದು ಪೂರ್ತಿ ನಿಜವೂ ಅಲ್ಲ. ಅರಗಿನ ಮುದ್ರೆಯ ಆ ಬಾಟಲಿಯನ್ನು ನಾನಿನ್ನೂ ತೆರೆದೇ ಇರಲಿಲ್ಲ, ಅದರ ರುಚಿ ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಎಲ್ಲರೂ ಬಂದ ಕೂಡಲೇ ನಾನೇ ಹೇಳಿಬಿಡುವೆನೆಂದು ನಿರ್ಧರಿಸಿದೆ. ಹಾಗೆ ನಿರ್ಧರಿಸಿದವಳು ಬಾಟಲಿಗಳನ್ನು ಮೇಜಿನ ಮೇಲಿಡಬೇಕಿತ್ತಲ್ಲವೇ? ಮತ್ತೆ ಹಿಟ್ಟಿನ ಡಬ್ಬಿಗಳ ಹಿಂದೆಯೇ ಇಟ್ಟೆ.

ಭಾನುವಾರ ಹತ್ತು ಗಂಟೆಗೆ ಟೆಂಪೋದಲ್ಲಿ ಹನ್ನೊಂದು ಹೆಂಗಸರು ಬಂದಿಳಿದರು. ಖಾನಾವಳಿಯಿಂದ ಊಟ ತರಿಸಿದ್ದೆ: ಕಡಕ್ ರೊಟ್ಟಿ, ಪುಂಡಿಪಲ್ಯ, ಬ್ಯಾಳಿ. ಯಾರೂ ಅಡುಗೆಮನೆಗೆ ಕಾಲಿಡುವ ಕಾರಣವೇ ಬೇಡವೆಂಬ ನನ್ನ ಜಾಣತನ. ಮಾತು ಹೇಗೆ ತೆಗೆಯಲೆಂದು ನಾನು ಅಕ್ಕನಿಗೆ ನೀರು ಕೊಡುತ್ತಿದ್ದಾಗ, ಬಸ್ಸಿನಲ್ಲಿ ಸಿಕ್ಕಿದ್ದವಳು ರೊಟ್ಟಿಯ ಗಂಟು ಬಿಚ್ಚಿ, ಒಂದನ್ನು ಮುರಿದು ನೋಡಿ ಮುಖ ಕಿವುಚಿದಳು.

"ಇವೇನ್ ರೊಟ್ಟಿರಿ ಅಕ್ಕೋರೆ, ತಗಡು! ಬಿಡ್ರಿ, ನಾಕು ಮಂದಿ ಕೂಡಿ ಬಿಸಿ ರೊಟ್ಟಿ ಬಡದೇಬಿಡ್ತೀವಿ. ಹಿಟ್ಟು ಎಲ್ಲದ?"

ಅತಿಥಿಯಾಗಿ ಬಂದ ಹೆಂಗಸು ಆತಿಥೇಯಳನ್ನು ಕೇಳದೆ ಒಲೆ ಮುಂದೆ ಕೂರುವುದು ನಮ್ಮ ಕಡೆ ಅತಿಕ್ರಮಣವಲ್ಲ, ಪ್ರೀತಿ. ಅಂಥ ಊರಿನಲ್ಲಿ ಹುಟ್ಟಿ ಬೆಳೆದವಳು, ಹನ್ನೊಂದು ಜನ ಬರುವ ಮನೆಯಲ್ಲಿ, ಬಚ್ಚಿಡಬೇಕಾದದ್ದನ್ನು ಜೋಳದ ಹಿಟ್ಟಿನ ಹಿಂದೆ ಇಟ್ಟಿದ್ದೆ. ನಾನು "ತಡಿ" ಎನ್ನುವಷ್ಟರಲ್ಲಿ ಡಬ್ಬಿ ನೆಲಕ್ಕೆ ಎಳೆದ ಸದ್ದು ಬಂತು. ಆಮೇಲೆ ಆಕೆಯ ಧ್ವನಿ, ಮೊದಲಿಗಿಂತ ಸಣ್ಣಗೆ.

"ಅಕ್ಕೋರೆ. ನಿಮ್ಮ ಉಪ್ಪಿನಕಾಯಿ ಇಲ್ಲಿ ಅದ ನೋಡ್ರಿ."

ಎಲ್ಲರೂ ಎದ್ದು ಬಂದರು. ಹೇಳಿಬಿಡುವೆನೆಂಬ ನನ್ನ ನಿರ್ಧಾರ ಆ ಕ್ಷಣಕ್ಕೆ ಬೆಲೆ ಕಳೆದುಕೊಂಡಿತು. ಡಬ್ಬಿ ಸರಿಯದೆ ಇದ್ದಿದ್ದರೆ ನಾನು ಹೇಳುತ್ತಿದ್ದೆನೇ? ಹೌದೆಂದು ನಂಬಲು ಬಹಳ ಇಷ್ಟ. ಆಣೆ ಇಟ್ಟು ಹೇಳಲಾರೆ.

ಅಕ್ಕ ಬಾಟಲಿಗಳನ್ನು ಮುಟ್ಟಲಿಲ್ಲ. "ಯಾರ್ದಿವು?"

"ನನ್ನವು."

"ಯಾರರೆ ಇಟ್ಟು ಹೋಗ್ಯಾರೇನು?"

"ಇಲ್ಲ ಅಕ್ಕ. ನಾನೇ ಕೂಡಿ ಹಾಕೀನಿ. ಹಳೀ ಬಾಟ್ಲಿ, ಭಾಳ ಹಳೀವು. ತಿಂಗಳಿಗೊಮ್ಮಿ ಒಂದು ಚಮಚ ರುಚಿ ನೋಡ್ತೀನಿ."

"ಚಮಚಲೇ?" ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. "ಕೂಸಿಗಿ ಗುಟ್ಟಿ ಔಷದ ಹಾಕಿದಂಗ?" ನಗು ಎರಡು ಮೂರು ಬಾಯಿಗೆ ಹಬ್ಬಿ ತಾನಾಗಿ ನಿಂತಿತು. ಅಕ್ಕ ನಕ್ಕಿರಲಿಲ್ಲ.

ನಾನು ವಿವರಿಸಲು ಹೋದೆ. ಕುಡಿತ ಬೇರೆ, ಸಂಗ್ರಹ ಬೇರೆ. ಮನೆ ಮುರಿಯುವ ಮದ್ಯ ಬೇರೆ, ಇದು ಬೇರೆ. ನಮ್ಮ ಹೋರಾಟ ಮದ್ಯ ಮಾರಿ ಬೊಕ್ಕಸ ತುಂಬಿಕೊಳ್ಳುವ ವ್ಯವಸ್ಥೆಯ ವಿರುದ್ಧವೇ ಹೊರತು... ಅಕ್ಕ ಕೈ ಎತ್ತಿದರು.

"ಅಕ್ಕೋರೆ, ನೀವು ಅನ್ನೂದು ಖರೇ ಇರಬಹುದು. ನಿಮ್ಮ ಚಮಚ ಬ್ಯಾರೆ, ನಮ್ಮ ಗಂಡಂದಿರ ಪಾಕೀಟು ಬ್ಯಾರೆ. ಆದ್ರ ನೀವು ಪುಸ್ತಕದಾಗ ಹಂಗ ಬರದಿಲ್ಲಲ್ಲ. ತಗೀರಿ, ಓದ್ರಿ."

ನಡಾವಳಿ ಪುಸ್ತಕ ನನ್ನ ಮೇಜಿನ ಮೇಲೆಯೇ ಇತ್ತು. ನನ್ನ ಅಕ್ಷರ, ನನ್ನ 'ತಕ್ಕದ್ದು', ನನ್ನ 'ಕೂಡದು'. ಮೂರು ಸಾಲುಗಳನ್ನು ಓದಲು ಎರಡು ಸಲ ನಿಲ್ಲಬೇಕಾಯಿತು.

ಹೊಸ್ತಿಲ ಬಳಿ ಕೂತು ಒಂದೊಂದನ್ನೇ ಸುರಿದೆ. ಮಾಲೀಕರ ಮನೆಯವರು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. ಬಿಸಿಲಿಗೆ ಕಾದ ಶಹಾಬಾದ ಕಲ್ಲಿನ ಮೇಲೆ ಬಿದ್ದ ಜಿನ್ ಕೂಡಲೇ ಆವಿಯಾಗಿ ಓಣಿಯ ತುಂಬ ವಾಸನೆ ಎದ್ದಿತು. "ಮಸಾಲಿ ಕುಟ್ಟಿದಂಗ ನಾರತದಲ್ಲ," ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳಿದಳು. ಕೊನೆಗೆ ಅರಗಿನ ಮುದ್ರೆಯದು. ಚಾಕುವಿನಿಂದ ಅರಗು ಕೆತ್ತಿದೆ. ಒಣಗಿದ ಬಿರಡೆ ಪುಡಿಯಾಗಿ ಅರ್ಧ ಒಳಕ್ಕೆ ಬಿತ್ತು. ಬಸ್ಸಿನವಳು ನನ್ನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದಳು.

"ಒಂದು ಚಮಚ ತರ್ಲೇನ್ರಿ? ಕಡೀದು ನೋಡಿಬಿಡ್ರಿ," ಎಂದಳು. ಚುಚ್ಚಿದಳೋ ಕನಿಕರಿಸಿದಳೋ ಅವಳ ಮುಖದಿಂದ ತಿಳಿಯಲಿಲ್ಲ. ಬೇಡವೆಂದು ತಲೆಯಾಡಿಸಿ ಬಗ್ಗಿಸಿದೆ. ವಾಸನೆ ಮಾತ್ರ ಬಂತು, ಬಹಳ ಸಣ್ಣದು. ಅದರಲ್ಲಿ ಏನೇನಿದೆಯೆಂದು ಗುರುತಿಸುವಷ್ಟು ಹೊತ್ತು ಅದು ನಿಲ್ಲಲಿಲ್ಲ.

"ಗಾಜಿಂದೇನು ತಪ್ಪಿಲ್ಲ, ಒಡೀಬ್ಯಾಡ್ರಿ," ಎಂದರು ಅಕ್ಕ. ಖಾಲಿ ಬಾಟಲಿಗಳನ್ನು ಸೋಡಾ ಹಾಕಿ ತೊಳೆದು, ಕುಸುಬಿ ಎಣ್ಣೆಗೆ ಆಗುತ್ತದೆಂದು ಹಂಚಿಕೊಂಡರು. ಲೇಬಲ್ಲುಗಳು ಬಚ್ಚಲ ಜಾಲರಿಯಲ್ಲಿ ಮುದ್ದೆಯಾಗಿ ಬಿದ್ದಿದ್ದವು. ಆಮೇಲೆ ನಿಜವಾಗಿಯೂ ರೊಟ್ಟಿ ಬಡಿದರು, ಎಲ್ಲರೂ ಉಂಡರು. ನನ್ನ ತಟ್ಟೆಗೆ ಅಕ್ಕನೇ ಎರಡು ರೊಟ್ಟಿ ಹಾಕಿದರು, ಆದರೆ ತಮ್ಮ ತಟ್ಟೆ ಹಿಡಿದು ದೂರ ಹೋಗಿ ಕೂತರು. ಕೈ ತೊಳೆದ ಮೇಲೆ ಕಾರ್ಯದರ್ಶಿ ಹುದ್ದೆಯ ರಾಜೀನಾಮೆಯನ್ನು ಬರೆದುಕೊಟ್ಟೆ. ಅವರು ಅದನ್ನು ಓದಲು ಇನ್ನೊಬ್ಬಳ ಕೈಗೆ ಕೊಟ್ಟರು. ಯಾವಾಗಲೂ ಅವರಿಗೆ ಕಾಗದ ಓದಿ ಹೇಳುತ್ತಿದ್ದವಳು ನಾನು.

"ನಾ ಇನ್ನ ಬರ್ಲೋ ಬ್ಯಾಡೋ ಅಕ್ಕ?" ಎಂದು ಕೇಳಿದೆ. ಮೂರು ದಿನದಿಂದ ನುಂಗಿಕೊಂಡಿದ್ದ ಪ್ರಶ್ನೆ.

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಬರೂದು ಬಿಡೂದು ನಿಮಗ ಬಿಟ್ಟದ್ದು. ಬಂದ್ರ ಹಿಂದ ನಿಲ್ರಿ."

ಸೋಮವಾರ ಶಾಲೆಗೆ ರಜೆ ಹಾಕಿ ಮೆರವಣಿಗೆಗೆ ಹೋದೆ. ಬಾರು ತೆರೆಯದಂತೆ ಕೋರುವ ಅರ್ಜಿ ನಾನೇ ಬರೆದದ್ದು. ಅದನ್ನು ಹಿಡಿದು ಮುಂದೆ ನಡೆದವರು ಅಕ್ಕ. ಘೋಷಣೆ ಹಿಂದಿನ ಸಾಲಿಗೆ ತಡವಾಗಿ ಬಂದು ತಲುಪುತ್ತದೆ ಎಂಬುದನ್ನು ನಾನು ಇಷ್ಟು ವರ್ಷ ತಿಳಿದಿರಲಿಲ್ಲ. ಮುಂದಿನವರು ಎರಡನೆಯ ಘೋಷಣೆ ಕೂಗುವಾಗ ನಾವು ಮೊದಲನೆಯದನ್ನೇ ಕೂಗುತ್ತಿದ್ದೆವು. ಅಕ್ಕ ಒಮ್ಮೆಯಾದರೂ ತಿರುಗಿ ನೋಡುವರೇ ಎಂದು ನಾನು ಕತ್ತು ಚಾಚಿ ಕಾಯುತ್ತಿದ್ದೆ. ನೋಡಲಿಲ್ಲ, ಅಥವಾ ನೋಡಿದಾಗ ನನ್ನ ಮುಂದೆ ಯಾರೋ ಇದ್ದರು.

ನನ್ನ ಪಕ್ಕದಲ್ಲಿ ಮೊದಲ ಸಲ ಬಂದಿದ್ದ ಒಬ್ಬ ಮುದುಕಿ ನಡೆಯುತ್ತಿದ್ದಳು. ನನ್ನ ಕನ್ನಡಕ, ಹೆಗಲ ಚೀಲ, ಚಪ್ಪಲಿ ಎಲ್ಲವನ್ನೂ ನೋಡಿ ಮುಗಿಸಿ ಕೇಳಿದಳು.

"ನೀವು ಓದಿದವರು ಕಾಣ್ತೀರಿ. ಮುಂದ ಹೋಗೂದು ಬಿಟ್ಟು ಇಲ್ಲ್ಯಾಕ ಅದೀರಿ?"

"ನನ್ನ ಮನ್ಯಾಗ ಬಾಟ್ಲಿ ಸಿಕ್ಕಾವ."

ಮುದುಕಿ ನಾಲಿಗೆ ಲೊಚಗುಟ್ಟಿದಳು. "ಹಾಳಾದ ಗಂಡಸರು. ಎಲ್ಲಿ ಇಟ್ಟಿದ್ದ ನಿಮ್ಮ ಯಜಮಾನ?"

"ಗಂಡಸರದಲ್ಲ ಆಯಿ. ನಂದು."

ಆಕೆ ಅಲ್ಲೇ ನಿಂತುಬಿಟ್ಟಳು. ಹಿಂದಿನಿಂದ ಬರುತ್ತಿದ್ದವರು ನಮ್ಮಿಬ್ಬರಿಗೂ ತಾಗಿ, ಬಯ್ದುಕೊಂಡು ಬಳಸಿ ಹೋದರು. ಕೊನೆಗೆ ಆಕೆ ನನ್ನ ತೋಳನ್ನು ಹಿಡಿದು ಮುಂದಕ್ಕೆ ತಳ್ಳಿದಳು. "ನಡೀ ನಡೀ," ಎಂದಳು, "ಸಾಲು ಮುರೀಬ್ಯಾಡ."